ಕೀ ನೋಡದೆ ‘ಹಗ್ಗ’ ಬರೆಯಿರಿ

ನಮ್ಮೂರ ಗ್ರಂಥಾಲಯದಲ್ಲಿ ಸಂಜೆ ಹೊತ್ತು ಟೈಪಿಂಗ್ ಹೇಳಿಕೊಡುತ್ತೇನೆ. ಬರುವವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ಸಂಘದ ಲೆಕ್ಕ ಬರೆಯುವವರು, ಅಂಗನವಾಡಿ ಟೀಚರು, ಒಬ್ಬರು ಟೈಲರ್. ಮೊದಲ ದಿನ ಎಲ್ಲರೂ ಒಂದೇ ಬೆರಳಲ್ಲಿ ಅಕ್ಷರ ಹುಡುಕುತ್ತಾ ಕೂರುತ್ತಾರೆ.

ಟೈಲರ್ ಅಕ್ಕನನ್ನು ಕೇಳಿದೆ, “ಮೆಷಿನ್ ತುಳಿಯುವಾಗ ಕಾಲು ನೋಡ್ತೀರಾ?”

“ಇಲ್ಲ ಮೇಡಂ, ಬಟ್ಟೆ ನೋಡಬೇಕಲ್ವಾ?”

ಇಲ್ಲೂ ಅಷ್ಟೇ. ಕಣ್ಣು ಪರದೆ ಮೇಲಿರಲಿ. ದಾರಿ ಬೆರಳಿಗೇ ಗೊತ್ತಾಗಬೇಕು.

ಕೂರುವುದು ಮೊದಲು ಸರಿಯಾಗಲಿ. ಮೊಣಕೈ ಕೀಬೋರ್ಡಿನ ಎತ್ತರಕ್ಕೆ ಬರಬೇಕು. ನಮ್ಮಲ್ಲಿರುವುದು ಪ್ಲಾಸ್ಟಿಕ್ ಕುರ್ಚಿ, ತಗ್ಗು. ಒಂದು ಬೆಡ್‌ಶೀಟ್ ಮಡಚಿ ಹಾಕಿಕೊಳ್ಳುತ್ತೇವೆ.

ಈಗ ಎಫ್ ಮತ್ತು ಜೆ ಕೀಗಳನ್ನು ಸವರಿ ನೋಡಿ. ಸಣ್ಣ ಉಬ್ಬು ಸಿಗುತ್ತದೆ. ಎಡ ತೋರುಬೆರಳು ಎಫ್ ಮೇಲೆ, ಬಲ ತೋರುಬೆರಳು ಜೆ ಮೇಲೆ. ಉಳಿದ ಬೆರಳುಗಳು ಅದೇ ಸಾಲಲ್ಲಿ ಪಕ್ಕಪಕ್ಕ: ಎಡಕ್ಕೆ ಡಿ, ಎಸ್, ಎ; ಬಲಕ್ಕೆ ಕೆ, ಎಲ್, ಸೆಮಿಕೋಲನ್. ಹೆಬ್ಬೆರಳು ಸ್ಪೇಸ್ ಬಾರಿಗೆ. ಇದೇ ಬೆರಳುಗಳ ಮನೆ. ಯಾವ ಕೀಗೆ ಹೋದರೂ ಒತ್ತಿ ಮನೆಗೆ ವಾಪಸ್ ಬರಬೇಕು. ನನ್ನ ಇಡೀ ಪಾಠ ನಿಂತಿರುವುದು ಈ ಒಂದು ಮಾತಿನ ಮೇಲೆ.

ನಾನು ಕಲಿತ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಮೊದಲ ವಾರವೆಲ್ಲ ಒಂದೇ ಸಾಲು: ‘ಎ ಎಸ್ ಡಿ ಎಫ್ ಜಿ ಎಫ್, ಸೆಮಿಕೋಲನ್ ಎಲ್ ಕೆ ಜೆ ಎಚ್ ಜೆ’. ಒಳ್ಳೆಯ ಅಭ್ಯಾಸ, ಆದರೆ ಅದಕ್ಕೆ ಅರ್ಥವಿಲ್ಲ. ಬೇಗ ಬೇಜಾರಾಗುತ್ತದೆ. ಹಾಗಾಗಿ ನಾನು ಎರಡನೇ ದಿನವೇ ಕನ್ನಡಕ್ಕೆ ಬರುತ್ತೇನೆ.

ನಾವು ಬಳಸುವುದು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಕೀಲಿಮಣೆ. ಇದರ ವಿನ್ಯಾಸ ಕೆ.ಪಿ. ರಾವ್ ಅವರದು. ಕನ್ನಡದ ಅಕ್ಷರಗಳನ್ನೆಲ್ಲ ಅವರು ಇಂಗ್ಲಿಷಿನ 26 ಕೀಗಳಲ್ಲೇ ಕೂರಿಸಿದ್ದಾರೆ. ಕೆ ಒತ್ತಿದರೆ ಕ, ಜಿ ಒತ್ತಿದರೆ ಗ. ಶಿಫ್ಟ್ ಜೊತೆ ಒತ್ತಿದರೆ ಖ, ಘ. ಒತ್ತಕ್ಷರ ಬೇಕಾದರೆ ನಡುವೆ ಎಫ್. ಅಂದರೆ ಒತ್ತಿನ ಕೀ ಇರುವುದು ಆ ಉಬ್ಬಿನ ಮೇಲೆಯೇ! ಇದನ್ನು ಗಮನಿಸಿದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಹಗ್ಗ ಬರೆಯಲು ಎಚ್, ಜಿ, ಎಫ್, ಜಿ. ಅಕ್ಕ ಬರೆಯಲು ಎ, ಕೆ, ಎಫ್, ಕೆ. ಅಜ್ಜ, ಹಳ್ಳ, ಜಗಳ, ಕಾಗದ, ಇವೆಲ್ಲ ನಡುವಿನ ಸಾಲಲ್ಲೇ ಮುಗಿಯುತ್ತವೆ. ಮೊದಲ ವಾರ ಇವಿಷ್ಟೇ ಸಾಕು. ಹಗ್ಗವನ್ನು ಮಾತ್ರ ಜಾಸ್ತಿ ಸಲ ಬರೆಯಿಸುತ್ತೇನೆ. ಜಿಗೂ ಎಫ್‌ಗೂ ಒಂದೇ ಬೆರಳು. ಅದು ಹೋಗಿ ಬಂದು ಮಾಡುತ್ತಲೇ ಮನೆಯ ಗುರುತು ಹಿಡಿಯುತ್ತದೆ.

ಶಿಫ್ಟ್ ವಿಷಯದಲ್ಲಿ ನಾನು ತುಂಬಾ ಗಟ್ಟಿ. ಅಕ್ಷರ ಎಡಗೈಯದ್ದಾದರೆ ಶಿಫ್ಟ್ ಬಲಗೈಯ ಕಿರುಬೆರಳಿಗೆ. ಅಕ್ಷರ ಬಲಗೈಯದ್ದಾದರೆ ಶಿಫ್ಟ್ ಎಡಗೈಗೆ. ಕಾಗದದ ದೀರ್ಘಕ್ಕೆ ಶಿಫ್ಟ್ ಹಿಡಿದು ಎ ಒತ್ತಬೇಕು. ಎ ಎಡಗೈಯದು, ಆದ್ದರಿಂದ ಬಲಗಡೆಯ ಶಿಫ್ಟ್. ಇಂಗ್ಲಿಷಿನಲ್ಲಿ ಶಿಫ್ಟ್ ಆಗಾಗ ಬೇಕು, ಕನ್ನಡದಲ್ಲಿ ದೀರ್ಘ, ಮಹಾಪ್ರಾಣ, ಣ, ಳ, ಶ ಬಂದಲ್ಲೆಲ್ಲ ಬೇಕು. ಒಂದೇ ಕೈಯಲ್ಲಿ ಎರಡನ್ನೂ ಒತ್ತಿದರೆ ಬೆರಳು ಮನೆ ಬಿಟ್ಟು ಹೋಗುತ್ತದೆ.

ಅಭ್ಯಾಸದ ಹೊತ್ತಲ್ಲಿ ಬ್ಯಾಕ್‌ಸ್ಪೇಸ್ ಮುಟ್ಟಬೇಡಿ. ತಪ್ಪಾದರೆ ಆಗಲಿ, ಅದೇ ಪದ ಇನ್ನೊಮ್ಮೆ ನಿಧಾನಕ್ಕೆ ಬರೆಯಿರಿ. ಅಳಿಸುತ್ತಾ ಕೂತರೆ ಬೆರಳು ಕಲಿಯುವುದು ಅಳಿಸುವುದನ್ನೇ. ವೇಗದ ಚಿಂತೆ ಸದ್ಯಕ್ಕೆ ಬೇಡ. ದಿನಕ್ಕೆ 20 ನಿಮಿಷ, ಗಡಿಯಾರದ ಟಿಕ್ ಟಿಕ್ ತರಹ ಒಂದೇ ಸಮನೆ. ಕೀಬೋರ್ಡ್ ಕಡೆ ಕಣ್ಣು ಜಾರಿದರೆ ಕೈಗಳ ಮೇಲೆ ಟವೆಲ್ ಹೊದಿಸಿಕೊಳ್ಳಿ.

ಮೇಲಿನ, ಕೆಳಗಿನ ಸಾಲುಗಳನ್ನು ಎರಡನೇ ವಾರಕ್ಕೆ ಇಟ್ಟುಕೊಳ್ಳಿ. ಆಗ ‘ಭಾಷೆ’ಯಿಂದ ಶುರು ಮಾಡಿ. ಶಿಫ್ಟ್ ಹಿಡಿದು ಬಿ, ಶಿಫ್ಟ್ ಹಿಡಿದೇ ಎ, ಬಿಟ್ಟು ಎಕ್ಸ್, ಆಮೇಲೆ ಇ. ನಾಲ್ಕೂ ಎಡಗೈಯವು. ತೋರುಬೆರಳು, ಕಿರುಬೆರಳು, ಉಂಗುರಬೆರಳು, ನಡುಬೆರಳು, ಎಲ್ಲಕ್ಕೂ ಒಂದೊಂದು ಪಾಲು.