ಬೆಳಗಿನ ನೀಲಿ ಪರದೆ: ಹಳೆಯ ಪಿಸಿಗೆ ವಿಂಡೋಸ್ 11 ಹಾಕಿದ ನನ್ನ ಅನುಭವ

ರಾತ್ರಿ ಮಲಗುವವರೆಗೂ ಸರಿಯಾಗಿ ಕೆಲಸ ಮಾಡುತ್ತಿದ್ದ ಕಂಪ್ಯೂಟರ್ ಬೆಳಿಗ್ಗೆ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ (ಚಾಲೂ ಆಗಬೇಕಾದ ಡಿಸ್ಕನ್ನು ತಲುಪಲಾಗುತ್ತಿಲ್ಲ) ಎಂಬ ನೀಲಿ ಪರದೆಯನ್ನು ತೋರಿಸಿ ನಿಂತುಬಿಡುತ್ತಿತ್ತು. ಎರಡು ಸಲ ಎಲ್ಲವನ್ನೂ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿದೆ. ಎರಡು ಸಲವೂ ಆ ದಿನವಿಡೀ ಒಂದು ತೊಂದರೆಯೂ ಕಾಣಲಿಲ್ಲ, ಮರುದಿನ ಬೆಳಿಗ್ಗೆ ಮತ್ತದೇ ಪರದೆ. ಆ ಯಂತ್ರದಲ್ಲಿ ನಾನು ಹಾಕಿದ್ದು ತಯಾರಕರ ಒಪ್ಪಿಗೆಯಿಲ್ಲದ ಇನ್‌ಸ್ಟಲೇಶನ್ ಆಗಿದ್ದರಿಂದ, ತಪ್ಪು ಅಲ್ಲೇ ಇರಬೇಕೆಂದು ನಾಲ್ಕು ದಿನ ನಂಬಿಕೊಂಡಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಸ್ಥಿತಿ ನನ್ನದಾಗಿತ್ತು.

ಯಂತ್ರದ ಬಗ್ಗೆ ಮೊದಲು ಹೇಳಬೇಕು. ಅದರ ಪ್ರೊಸೆಸರ್ 2012ರ ಇಂಟೆಲ್ ಕೋರ್ ಐ5-3470. ನಾಲ್ಕು ಕೋರ್, 3.2 ಗಿಗಾಹರ್ಟ್ಸ್, ಜೊತೆಗೆ 8 ಜಿಬಿ ಡಿಡಿಆರ್3 ರ‍್ಯಾಮ್. ಬರವಣಿಗೆ, ಲೆಕ್ಕಪತ್ರ, ಬ್ರೌಸರ್ ಮುಂತಾದ ದಿನನಿತ್ಯದ ಕೆಲಸಕ್ಕೆ ಇದು ಇಂದಿಗೂ ಸಾಲುತ್ತದೆ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ಚಿಪ್, ನಂಬಲರ್ಹ ತಂತ್ರಾಂಶವನ್ನು ಮಾತ್ರ ಚಾಲೂ ಆಗಲು ಬಿಡುವ ಸೆಕ್ಯೂರ್ ಬೂಟ್ ಮತ್ತು ಇಂಟೆಲ್ ಆದರೆ ಸರಿಸುಮಾರು ಎಂಟನೆಯ ಪೀಳಿಗೆ ಅಥವಾ ಅದರ ನಂತರದ ಪ್ರೊಸೆಸರ್. ನನ್ನದು ಮೂರನೆಯ ಪೀಳಿಗೆ, ಟಿಪಿಎಂ ಚಿಪ್ ಇಲ್ಲವೇ ಇಲ್ಲ. ಹಾಗಿದ್ದರೂ ಒಂದು ಅನುಕೂಲವಿತ್ತು. 24ಎಚ್2 ಆವೃತ್ತಿಯಿಂದ ವಿಂಡೋಸ್ 11 ಚಾಲೂ ಆಗುವುದಕ್ಕೇ ಪ್ರೊಸೆಸರ್‌ನಲ್ಲಿ ಎಸ್‌ಎಸ್‌ಇ4.2 ಮತ್ತು ಪಾಪ್‌ಕೌಂಟ್ ಎಂಬ ಸೂಚನೆಗಳು ಇರಲೇಬೇಕು. ಇವಿಲ್ಲದ ಕೋರ್ 2 ಕಾಲದ ಯಂತ್ರಗಳಲ್ಲಿ ಯಾವ ಉಪಾಯವೂ ನಡೆಯುವುದಿಲ್ಲ. ಐ5-3470ರಲ್ಲಿ ಎರಡೂ ಇವೆ. ಅಂದರೆ ನನ್ನ ಯಂತ್ರಕ್ಕೆ ಅಡ್ಡವಾಗಿದ್ದುದು ಸೆಟಪ್ ನಡೆಸುವ ತಪಾಸಣೆಯೇ ಹೊರತು ಯಂತ್ರದ ಅಸಾಮರ್ಥ್ಯವಲ್ಲ.

ಹೊಸ ಎಸ್‌ಎಸ್‌ಡಿಯೊಂದನ್ನು ಸಾಟಾ ಕೇಬಲ್‌ಗೆ ಸಿಕ್ಕಿಸಿ, ಹಳೆಯ ಹಾರ್ಡ್ ಡಿಸ್ಕನ್ನು ಪೂರ್ತಿಯಾಗಿ ಬಿಚ್ಚಿ ಪಕ್ಕಕ್ಕಿಟ್ಟೆ. ಇದನ್ನು ಎಂದೂ ತಪ್ಪಿಸಬಾರದು ಎಂಬುದು ನನ್ನ ಅಭಿಪ್ರಾಯ. ಹಳೆಯ ಮಾಹಿತಿ ಸುರಕ್ಷಿತವಾಗಿರುತ್ತದೆ ಎಂಬುದು ಒಂದು ಕಾರಣವಾದರೆ, ಎರಡು ಡಿಸ್ಕ್‌ಗಳಿದ್ದಾಗ ಸೆಟಪ್ ಬೂಟ್ ಫೈಲುಗಳನ್ನು ಒಂದರಲ್ಲೂ ವಿಂಡೋಸನ್ನು ಇನ್ನೊಂದರಲ್ಲೂ ಇಡುವ ಸಾಧ್ಯತೆ ಇರುತ್ತದೆ ಎಂಬುದು ಇನ್ನೊಂದು. ಅನಂತರ ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳಿರುವ ಬಯೋಸ್‌ಗೆ ಹೋಗಿ ಮೂರು ಬದಲಾವಣೆ ಮಾಡಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ಬೂಟ್ ಮೋಡ್ ಯುಇಎಫ್‌ಐ (ಬಯೋಸ್‌ನ ಹೊಸ ರೂಪ) ಮಾತ್ರ, ಸಾಟಾ ಮೋಡ್ (ಡಿಸ್ಕಿನೊಡನೆ ವ್ಯವಹರಿಸುವ ವಿಧಾನ) ಐಡಿಇಯಿಂದ ಎಎಚ್‌ಸಿಐಗೆ, ಮೊದಲ ಬೂಟ್ ಯುಎಸ್‌ಬಿಯಿಂದ. ಹಳೆಯ ಐಡಿಇ ಮೋಡ್‌ನಲ್ಲೂ ಎಸ್‌ಎಸ್‌ಡಿ ನಡೆಯುತ್ತದೆ, ಆದರೆ ಹಲವು ಆದೇಶಗಳನ್ನು ಒಟ್ಟಿಗೆ ಸರದಿಯಲ್ಲಿಟ್ಟು ನಿರ್ವಹಿಸುವ ಅನುಕೂಲ ಎಎಚ್‌ಸಿಐಯಲ್ಲಿ ಮಾತ್ರ ಸಿಗುತ್ತದೆ. ಈ ಎರಡನೆಯ ಸಾಲನ್ನು ಓದುಗರು ನೆನಪಿನಲ್ಲಿಡಬೇಕು, ಏಕೆಂದರೆ ನಾನು ಇಡಲಿಲ್ಲ.

ಮೊದಲ ತಡೆ ಪೆನ್‌ಡ್ರೈವ್‌ನಿಂದಲೇ ಬಂದಿತು. ವಿಂಡೋಸ್ ಇಮೇಜಿನೊಳಗಿನ ‘ಇನ್‌ಸ್ಟಾಲ್.ವಿಮ್’ ಫೈಲು 4 ಜಿಬಿಗಿಂತ ದೊಡ್ಡದಾಗಿರುವುದರಿಂದ ಅದು ಫ್ಯಾಟ್32 ಎಂಬ ಹಳೆಯ ಫೈಲ್ ವ್ಯವಸ್ಥೆಯ ಡ್ರೈವ್‌ನಲ್ಲಿ ಹಿಡಿಸುವುದಿಲ್ಲ. ಹೊಸದಾದ ಎನ್‌ಟಿಎಫ್‌ಎಸ್ ವ್ಯವಸ್ಥೆ ಮಾಡಿದರೆ ಫೈಲು ಹಿಡಿಸುತ್ತದೆ, ಆದರೆ ನನ್ನ ಮದರ್‌ಬೋರ್ಡಿನ ಹಳೆಯ ಯುಇಎಫ್‌ಐ ಅದನ್ನು ಓದದೆ ಕಪ್ಪು ಪರದೆಯಲ್ಲಿ ಒಂದು ಗೆರೆಯನ್ನು ಮಿನುಗಿಸುತ್ತ ಕುಳಿತಿತು. ಇನ್ನೊಂದು ಕಂಪ್ಯೂಟರಿನಲ್ಲಿ ವಿಂಡೋಸ್ ಇಮೇಜ್‌ಗಳನ್ನು ನಿರ್ವಹಿಸುವ ಡಿಸಂ ಆದೇಶದ ‘ಸ್ಪ್ಲಿಟ್ ಇಮೇಜ್’ ಆಯ್ಕೆಯನ್ನು ಬಳಸಿ, ತುಂಡಿನ ಗಾತ್ರ 3800 ಎಂಬಿ ಎಂದು ಕೊಟ್ಟು, ಆ ದೊಡ್ಡ ಫೈಲನ್ನು ಎರಡು ‘ಎಸ್‌ಡಬ್ಲ್ಯುಎಂ’ ಫೈಲುಗಳಾಗಿ ಒಡೆದು ಫ್ಯಾಟ್32 ಡ್ರೈವ್‌ಗೆ ಹಾಕಿದ ಮೇಲೆ ಬೂಟ್ ಆಯಿತು. ಸೆಟಪ್ ಈ ತುಂಡುಗಳನ್ನು ತಾನಾಗಿಯೇ ಜೋಡಿಸಿ ಓದಿಕೊಳ್ಳುತ್ತದೆ.

ತಪಾಸಣೆಯನ್ನು ದಾಟುವ ಕೆಲಸ ಹೆಸರಿಗೆ ದೊಡ್ಡದು, ಮಾಡಲು ಐದು ನಿಮಿಷದ್ದು. ಸೆಟಪ್‌ನ ಮೊದಲ ಪರದೆಯಲ್ಲಿ ಶಿಫ್ಟ್ ಮತ್ತು ಎಫ್10 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಕಮಾಂಡ್ ಪ್ರಾಂಪ್ಟ್ ತೆರೆದುಕೊಳ್ಳುತ್ತದೆ. ಅಲ್ಲಿಂದ ವಿಂಡೋಸ್ ಸೆಟ್ಟಿಂಗ್‌ಗಳ ದಾಖಲೆಯಾದ ರಿಜಿಸ್ಟ್ರಿಯ ಎಡಿಟರ್ ತೆರೆದು, ಲೋಕಲ್ ಮಷೀನ್ ಕೆಳಗಿನ ‘ಸಿಸ್ಟಂ’, ಅದರೊಳಗಿನ ‘ಸೆಟಪ್’ ಎಂಬಲ್ಲಿ ‘ಲ್ಯಾಬ್‌ಕಾನ್ಫಿಗ್’ ಎಂಬ ಹೊಸ ಕೀಯನ್ನು ಮಾಡಿ, ಅದರಲ್ಲಿ ‘ಬೈಪಾಸ್‌ಟಿಪಿಎಂಚೆಕ್’, ‘ಬೈಪಾಸ್‌ಸೆಕ್ಯೂರ್‌ಬೂಟ್‌ಚೆಕ್’, ‘ಬೈಪಾಸ್‌ಸಿಪಿಯುಚೆಕ್’ ಎಂಬ ಮೂರು ಡಿವರ್ಡ್ (ಸಂಖ್ಯಾರೂಪದ) ಮೌಲ್ಯಗಳಿಗೆ 1 ಎಂದು ಕೊಟ್ಟೆ. ಇಷ್ಟು ಮಾಡಿದ ಮೇಲೆ ‘ಈ ಪಿಸಿಯಲ್ಲಿ ವಿಂಡೋಸ್ 11 ನಡೆಯದು’ ಎಂಬ ಎಚ್ಚರಿಕೆ ಬರಲಿಲ್ಲ. ಡಿಸ್ಕನ್ನು ಯುಇಎಫ್‌ಐಗೆ ಬೇಕಾದ ಜಿಪಿಟಿ ವಿಭಜನಾ ಕ್ರಮಕ್ಕೆ ಬದಲಿಸಿ ಇನ್‌ಸ್ಟಾಲ್ ಮಾಡಿ, ಸಂಜೆಯೊಳಗೆ ಡ್ರೈವರ್‌ಗಳನ್ನೂ ಹಾಕಿ ಮುಗಿಸಿದೆ. ಹತ್ತು ಹನ್ನೆರಡು ಸಲ ರೀಸ್ಟಾರ್ಟ್ ಮಾಡಿ ನೋಡಿದಾಗಲೂ ಯಾವ ದೋಷವೂ ಇರಲಿಲ್ಲ. ರಾತ್ರಿ ಶಟ್‌ಡೌನ್ ಮಾಡಿ, ಮೇಜಿನ ಕೆಳಗಿನ ಎಕ್ಸ್‌ಟೆನ್ಷನ್ ಬೋರ್ಡಿನ ಸ್ವಿಚ್ ಆರಿಸಿ ಮಲಗಿದೆ.

ಬೆಳಿಗ್ಗೆ ನೀಲಿ ಪರದೆ ಕಂಡಾಗ ನನ್ನ ಮನಸ್ಸಿಗೆ ಮೊದಲು ಬಂದದ್ದು ಆ ಮೂರು ರಿಜಿಸ್ಟ್ರಿ ಮೌಲ್ಯಗಳು. ಇದು ತರ್ಕಕ್ಕೆ ನಿಲ್ಲುವ ಅನುಮಾನವಲ್ಲ ಎಂದು ಈಗ ಹೇಳಬಲ್ಲೆ. ಲ್ಯಾಬ್‌ಕಾನ್ಫಿಗ್ ಇರುವುದು ಸೆಟಪ್ ನಡೆಯುವಾಗ ಮೆಮೊರಿಯಲ್ಲಿ ತಾತ್ಕಾಲಿಕವಾಗಿ ನಿಂತಿರುವ ರಿಜಿಸ್ಟ್ರಿಯಲ್ಲಿ. ಇನ್‌ಸ್ಟಾಲ್ ಆದ ವಿಂಡೋಸ್ ಪ್ರತಿದಿನ ಬೂಟ್ ಆಗುವಾಗ ಅದನ್ನು ಕೇಳುವುದೂ ಇಲ್ಲ, ನೋಡುವುದೂ ಇಲ್ಲ. ಆದರೆ ಅಂದು ನನಗೆ ಅಷ್ಟು ಯೋಚಿಸುವ ತಾಳ್ಮೆ ಇರಲಿಲ್ಲ.

ರಿಕವರಿ ಪರದೆಯಿಂದ ಚೆಕ್‌ಡಿಸ್ಕ್ ನಡೆಸಿದೆ, ಫೈಲುಗಳೆಲ್ಲ ಸರಿಯಿದ್ದವು. ಬೂಟ್ ಫೈಲುಗಳನ್ನು ಹೊಸದಾಗಿ ಬರೆಸಿದೆ, ಪ್ರಯೋಜನವಾಗಲಿಲ್ಲ. ಇಲ್ಲಿ ನನ್ನನ್ನು ದಾರಿ ತಪ್ಪಿಸಿದ ಸಂಗತಿಯೊಂದಿದೆ. ರಿಕವರಿ ಪರದೆಯಲ್ಲಿ ಸಿ ಡ್ರೈವ್ ಸಂಪೂರ್ಣವಾಗಿ ಕಾಣುತ್ತಿತ್ತು, ಫೋಲ್ಡರ್‌ಗಳು ತೆರೆಯುತ್ತಿದ್ದವು, ನನ್ನ ಕಡತವೊಂದನ್ನು ಓದಲೂ ಆಯಿತು. ಹೀಗಿರುವಾಗ ಅದೇ ಡಿಸ್ಕನ್ನು ವಿಂಡೋಸ್ ಮಾತ್ರ ‘ತಲುಪಲಾಗದ’ ಸಾಧನ ಎನ್ನುವುದು ಹೇಗೆ? ಉತ್ತರ ಇಷ್ಟೇ: ರಿಕವರಿ ವ್ಯವಸ್ಥೆ ಮೆಮೊರಿಯಿಂದ ನಡೆಯುತ್ತದೆ ಮತ್ತು ಎದುರಿಗೆ ಡಿಸ್ಕಿನ ಯಾವ ಕಂಟ್ರೋಲರ್ (ನಿಯಂತ್ರಕ) ಕಂಡರೆ ಅದಕ್ಕೆ ತಕ್ಕ ಡ್ರೈವರನ್ನು, ಅಂದರೆ ಅದನ್ನು ನಡೆಸುವ ತಂತ್ರಾಂಶವನ್ನು, ಆಗಲೇ ಎತ್ತಿಕೊಳ್ಳುತ್ತದೆ, ಇನ್‌ಸ್ಟಾಲ್ ಆದ ವಿಂಡೋಸ್ ಹಾಗಲ್ಲ, ತಾನು ಇನ್‌ಸ್ಟಾಲ್ ಆದಾಗ ಯಾವ ಕಂಟ್ರೋಲರ್ ಇತ್ತೋ ಅದರ ಡ್ರೈವರನ್ನು ಮಾತ್ರ ಬೂಟ್ ಆಗುವ ಹೊತ್ತಿಗೆ ಸಿದ್ಧವಾಗಿಟ್ಟುಕೊಂಡು, ಬೇಡದವನ್ನು ಬೂಟ್‌ನ ಪಟ್ಟಿಯಿಂದ ಹೊರಗಿಡುತ್ತದೆ. ಈ ವ್ಯತ್ಯಾಸ ಮೊದಲ ದಿನವೇ ಹೊಳೆದಿದ್ದರೆ ಕೆಲಸ ಅಂದೇ ಮುಗಿಯುತ್ತಿತ್ತು. ಹೊಳೆಯದ್ದರಿಂದ, ನೋಟ್‌ಬುಕ್ಕನ್ನು ಎದುರಿಗಿಟ್ಟುಕೊಂಡು ಮೊದಲ ಸಾಲಿನಿಂದ ಕೊನೆಯವರೆಗೆ ಎಲ್ಲವನ್ನೂ ಮತ್ತೆ ಮಾಡಿದೆ.

ಎರಡನೆಯ ಇನ್‌ಸ್ಟಲೇಶನ್ ಕೂಡ ದಿನವಿಡೀ ನಡೆದು ಮರುದಿನ ಬೆಳಿಗ್ಗೆ ಕೈಕೊಟ್ಟಿತು. ರೀಸ್ಟಾರ್ಟ್ ಆದರೆ ಸರಿ, ರಾತ್ರಿ ಆರಿಸಿ ಬೆಳಿಗ್ಗೆ ಹಚ್ಚಿದರೆ ಇಲ್ಲ ಎಂಬುದು ಈಗ ಸ್ಪಷ್ಟವಾಯಿತು. ಆಗ ನನ್ನ ಅನುಮಾನ ಫಾಸ್ಟ್ ಸ್ಟಾರ್ಟಪ್ ಮೇಲೆ ಹೋಯಿತು. ಈ ಸೌಲಭ್ಯವಿದ್ದಾಗ ಶಟ್‌ಡೌನ್ ಎಂಬುದು ಪೂರ್ಣ ಶಟ್‌ಡೌನ್ ಆಗಿರುವುದಿಲ್ಲ; ವಿಂಡೋಸ್‌ನ ತಿರುಳಾದ ಕರ್ನೆಲ್‌ನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮರುದಿನ ಅದನ್ನೇ ಎತ್ತಿಕೊಳ್ಳಲಾಗುತ್ತದೆ, ಆದರೆ ರೀಸ್ಟಾರ್ಟ್‌ನಲ್ಲಿ ಎಲ್ಲವೂ ಹೊಸದಾಗಿ ಶುರುವಾಗುತ್ತದೆ. ನನ್ನ ಲಕ್ಷಣಗಳಿಗೆ ಈ ವಿವರಣೆ ಎಷ್ಟು ಚೆನ್ನಾಗಿ ಹೊಂದಿಕೊಂಡಿತೆಂದರೆ, ಮೂರನೆಯ ಸಲ ಇನ್‌ಸ್ಟಾಲ್ ಮಾಡಿ ಫಾಸ್ಟ್ ಸ್ಟಾರ್ಟಪ್‌ಗೆ ಆಧಾರವಾದ ಹೈಬರ್ನೇಶನ್ನನ್ನೇ ಪೂರ್ತಿಯಾಗಿ ನಿಲ್ಲಿಸಿ, ಸಮಸ್ಯೆ ಬಗೆಹರಿಯಿತೆಂದು ನೆಮ್ಮದಿಯಿಂದ ಮಲಗಿದೆ. ಬೆಳಿಗ್ಗೆ ಅದೇ ಪರದೆ. ಸಾಟಾ ಕೇಬಲ್ ಬದಲಿಸಿದೆ. ಎಸ್‌ಎಸ್‌ಡಿ ತನ್ನ ಆರೋಗ್ಯದ ಬಗ್ಗೆ ಇಡುವ ಸ್ಮಾರ್ಟ್ ದಾಖಲೆಯಲ್ಲಿ 199ನೆಯ ಅಂಶವಾದ ಸಿಆರ್‌ಸಿ ದೋಷಗಳ (ಕೇಬಲ್‌ನಲ್ಲಿ ಮಾಹಿತಿ ಕೆಟ್ಟ ಸಲಗಳ) ಎಣಿಕೆ ಸೊನ್ನೆಯಲ್ಲೇ ಇದ್ದುದರಿಂದ ಆ ಬದಲಾವಣೆ ವ್ಯರ್ಥವೆಂದು ಮೊದಲೇ ತಿಳಿಯಬೇಕಿತ್ತು.

ನಾಲ್ಕನೆಯ ಸಲಕ್ಕೆ ಪೆನ್‌ಡ್ರೈವ್ ಸಿಕ್ಕಿಸಿ, ನೋಟ್‌ಬುಕ್ ಬಿಡಿಸಿ ಬಯೋಸ್‌ಗೆ ಹೋದೆ. ಪ್ರತಿ ಇನ್‌ಸ್ಟಲೇಶನ್‌ಗೂ ನಾನು ಮಾಡಿದ್ದನ್ನು ಒಂದರ ಕೆಳಗೊಂದು ಬರೆಯುತ್ತ ಬಂದಿದ್ದೆ. ‘ಸಾಟಾ ಮೋಡ್ ಐಡಿಇ ಇತ್ತು, ಎಎಚ್‌ಸಿಐ ಮಾಡಿದೆ’ ಎಂಬ ವಾಕ್ಯ ಆ ಪುಟದಲ್ಲಿ ಮೂರು ಸಲ ನನ್ನದೇ ಅಕ್ಷರದಲ್ಲಿತ್ತು. ಒಮ್ಮೆ ಬದಲಿಸಿ ಉಳಿಸಿದ್ದನ್ನು ಮತ್ತೆ ಮತ್ತೆ ಏಕೆ ಬದಲಿಸುತ್ತಿದ್ದೇನೆ? ಪರದೆಯನ್ನು ನೋಡಿದರೆ ಅಲ್ಲಿ ಈಗಲೂ ಐಡಿಇ ಎಂದೇ ಇತ್ತು. ಮೊದಲ ಪುಟಕ್ಕೆ ಹಿಂತಿರುಗಿ ದಿನಾಂಕ ನೋಡಿದೆ: 2012ರ ಜನವರಿ 1, ಸಮಯ ಮಧ್ಯರಾತ್ರಿ ದಾಟಿ ಮೂರು ನಿಮಿಷ. ನಾನು ಕಂಪ್ಯೂಟರ್ ಹಚ್ಚಿ ಮೂರು ನಿಮಿಷವಾಗಿತ್ತು.

ಕೇಸಿನ ಬದಿ ಮುಚ್ಚಳ ತೆಗೆದು, ಮದರ್‌ಬೋರ್ಡಿನ ಮೇಲಿನ ನಾಣ್ಯದಾಕಾರದ ಸಿಆರ್2032 ಸೆಲ್ ಹೊರತೆಗೆದು ಮಲ್ಟಿಮೀಟರ್ ಹಿಡಿದೆ. ಮೂರು ವೋಲ್ಟ್ ಇರಬೇಕಾದಲ್ಲಿ 2.1 ತೋರಿಸಿತು. ಬಯೋಸ್ ಸೆಟ್ಟಿಂಗ್‌ಗಳನ್ನೂ ಗಡಿಯಾರವನ್ನೂ ಕಾಯುವುದು ಈ ಸೆಲ್. ಪ್ಲಗ್ಗಿನಲ್ಲಿ ವಿದ್ಯುತ್ ಇರುವವರೆಗೆ ಕಂಪ್ಯೂಟರ್ ಆರಿದ್ದರೂ ಪವರ್ ಸಪ್ಲೈಯ ಸ್ಟ್ಯಾಂಡ್‌ಬೈ ವಿದ್ಯುತ್ತೇ ಆ ಕೆಲಸ ಮಾಡುವುದರಿಂದ ಸೆಲ್ ಸತ್ತಿರುವುದು ಹೊರಗೆ ಕಾಣುವುದಿಲ್ಲ. ನಾನು ಪ್ರತಿರಾತ್ರಿ ಎಕ್ಸ್‌ಟೆನ್ಷನ್ ಬೋರ್ಡಿನ ಸ್ವಿಚ್ಚನ್ನೇ ಆರಿಸುತ್ತಿದ್ದೆ. ಬೆಳಗಾಗುವಷ್ಟರಲ್ಲಿ ಸೆಟ್ಟಿಂಗ್‌ಗಳು ಅಳಿಸಿ, ಈ ಬೋರ್ಡಿನ ಮೂಲಸ್ಥಿತಿಯಾದ ಐಡಿಇಗೆ ಮರಳುತ್ತಿದ್ದವು. ಎಎಚ್‌ಸಿಐಯಲ್ಲಿ ಇನ್‌ಸ್ಟಾಲ್ ಆಗಿದ್ದ ವಿಂಡೋಸ್ ತನಗೆ ಪರಿಚಯವಿಲ್ಲದ ಕಂಟ್ರೋಲರ್ ಕಂಡು ನಿಂತುಬಿಡುತ್ತಿತ್ತು. ಇಂಥ ಸಂದರ್ಭದಲ್ಲಿ ಅನೇಕ ಬೋರ್ಡುಗಳು ‘ಎಫ್1 ಒತ್ತಿ’ ಎಂದು ಹೇಳಿ ನಿಲ್ಲುತ್ತವೆ, ನನ್ನದು ಸುಮ್ಮನೆ ಮುಂದುವರಿಯುತ್ತಿತ್ತು.

ಹಾಗಾದರೆ ಹಳೆಯ ವಿಂಡೋಸ್ 10 ಇಷ್ಟು ವರ್ಷ ಹೇಗೆ ನಡೆಯಿತು ಎಂಬ ಪ್ರಶ್ನೆ ಉಳಿಯಿತು. ಪಕ್ಕಕ್ಕಿಟ್ಟಿದ್ದ ಹಾರ್ಡ್ ಡಿಸ್ಕನ್ನು ಸಿಕ್ಕಿಸಿ ನೋಡಿದೆ. ಅದು ಐಡಿಇ ಮೋಡ್‌ನಲ್ಲೇ ಇನ್‌ಸ್ಟಾಲ್ ಆಗಿತ್ತು. ಸೆಲ್ ಎಷ್ಟು ಸಲ ಸೆಟ್ಟಿಂಗ್ ಮರೆತರೂ ಮರಳುತ್ತಿದ್ದುದು ಅದಕ್ಕೆ ಒಗ್ಗಿದ ಸ್ಥಿತಿಗೇ.

ಹೊಸ ಸೆಲ್ ಹಾಕಿ, ಎಎಚ್‌ಸಿಐ ಮಾಡಿ, ದಿನಾಂಕ ಸರಿಪಡಿಸಿ ಉಳಿಸಿದೆ. ಪೆನ್‌ಡ್ರೈವ್ ತೆಗೆದು ಹಚ್ಚಿದಾಗ ಮೂರನೆಯ ಇನ್‌ಸ್ಟಲೇಶನ್ ಏನೂ ಆಗಿಲ್ಲವೆಂಬಂತೆ ಬೂಟ್ ಆಯಿತು. ಹಾಗೆಂದರೆ ಮೊದಲನೆಯದೂ ಕೆಟ್ಟಿರಲಿಲ್ಲ, ಅಳಿಸಿಹಾಕಿದವನು ನಾನೇ. ನಿದಾನ ಸರಿಯೇ ಎಂದು ಖಚಿತಪಡಿಸಿಕೊಳ್ಳಲು ಹಳೆಯ ಸೆಲ್ಲನ್ನು ಮತ್ತೆ ಹಾಕಿ, ಸೆಟ್ಟಿಂಗ್ ಮಾಡಿ, ರಾತ್ರಿಯಿಡೀ ಪ್ಲಗ್ ಕಿತ್ತಿಟ್ಟು ನೋಡಿದೆ: ಬೆಳಿಗ್ಗೆ ಐಡಿಇ, ನೀಲಿ ಪರದೆ. ಹೊಸ ಸೆಲ್‌ನೊಂದಿಗೆ ಅದನ್ನೇ ಮಾಡಿದಾಗ ಎಎಚ್‌ಸಿಐ ಹಾಗೆಯೇ ಉಳಿಯಿತು. ಒಂದು ವೇಳೆ ಯಾರಾದರೂ ಐಡಿಇಯಲ್ಲಿ ಇನ್‌ಸ್ಟಾಲ್ ಮಾಡಿಬಿಟ್ಟು ಆಮೇಲೆ ಎಎಚ್‌ಸಿಐ ಬೇಕೆಂದರೆ, ಮತ್ತೆ ಇನ್‌ಸ್ಟಾಲ್ ಮಾಡಬೇಕಾಗಿಲ್ಲ: ಮುಂದಿನ ಬೂಟ್ ಅತ್ಯಗತ್ಯ ಡ್ರೈವರ್‌ಗಳಷ್ಟೇ ಇರುವ ಸೇಫ್ ಮೋಡ್‌ನಲ್ಲಿ ಆಗುವಂತೆ ಹೊಂದಿಸಿ, ರೀಸ್ಟಾರ್ಟ್ ಮಾಡುವಾಗ ಬಯೋಸ್‌ನಲ್ಲಿ ಮೋಡ್ ಬದಲಿಸಿದರೆ, ಸೇಫ್ ಮೋಡ್ ಹೊಸ ಕಂಟ್ರೋಲರಿನ ಡ್ರೈವರನ್ನು ಎತ್ತಿಕೊಳ್ಳುತ್ತದೆ, ಅನಂತರ ಆ ಹೊಂದಿಕೆಯನ್ನು ತೆಗೆದು ಸಾಮಾನ್ಯವಾಗಿ ಬೂಟ್ ಮಾಡಬಹುದು.

ಒಪ್ಪಿಗೆಯಿಲ್ಲದ ಇನ್‌ಸ್ಟಲೇಶನ್ ಎಂಬ ಕಾರಣಕ್ಕೇ ಬಂದ ತೊಂದರೆಗಳು ಇಲ್ಲವೆಂದಲ್ಲ. ಪ್ರೊಸೆಸರ್ ಒಳಗಿನ ಎಚ್‌ಡಿ 2500 ಗ್ರಾಫಿಕ್ಸ್‌ಗೆ ಸಿಗುವುದು ಡಬ್ಲ್ಯುಡಿಡಿಎಂ (ವಿಂಡೋಸ್‌ನ ಗ್ರಾಫಿಕ್ಸ್ ಡ್ರೈವರ್ ಮಾದರಿ) 1.3 ದರ್ಜೆಯ ಡ್ರೈವರ್. ವಿಂಡೋಸ್ 11 ಕೇಳುವುದು 2.0. ಚಿತ್ರ ಚೆನ್ನಾಗಿಯೇ ಮೂಡುತ್ತದೆ, ಆದರೆ ಕಂಪ್ಯೂಟರ್ ಸ್ಲೀಪ್‌ನಿಂದ ಎದ್ದಾಗ ನಾಲ್ಕರಲ್ಲಿ ಒಂದು ಸಲ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಮೆಮೊರಿ ಇಂಟೆಗ್ರಿಟಿ ಎಂಬ ರಕ್ಷಣೆಯನ್ನು ನಾನು ಹಚ್ಚಿಲ್ಲ, ಏಕೆಂದರೆ ಅದಕ್ಕೆ ಬೇಕಾದ ಹಾರ್ಡ್‌ವೇರ್ ನೆರವು ಇಂಟೆಲ್‌ನಲ್ಲಿ ಏಳನೆಯ ಪೀಳಿಗೆಯಿಂದೀಚೆಗೆ ಬಂದದ್ದು; ಹಳೆಯದರಲ್ಲಿ ಸಾಫ್ಟ್‌ವೇರ್ ಆ ಕೆಲಸ ಮಾಡಬೇಕಾಗಿ ಯಂತ್ರ ನಿಧಾನವಾಗುತ್ತದೆ. ಇಂಥ ಯಂತ್ರಗಳಿಗೆ ಅಪ್‌ಡೇಟ್‌ಗಳ ಭರವಸೆ ಇಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿಯೇ ಹೇಳಿದೆ. ತಿಂಗಳ ಭದ್ರತಾ ಅಪ್‌ಡೇಟ್‌ಗಳು ನನಗೆ ಬರುತ್ತಿವೆಯಾದರೂ, ಅವು ಒಂದು ದಿನ ನಿಲ್ಲಬಹುದೆಂಬ ಲೆಕ್ಕದಲ್ಲೇ ಮುಖ್ಯ ಕಡತಗಳ ಪ್ರತಿಯನ್ನು ಹೊರಗಿನ ಡಿಸ್ಕಿನಲ್ಲಿ ಇಡುತ್ತಿದ್ದೇನೆ. ಬ್ಯಾಂಕಿನ ವ್ಯವಹಾರಕ್ಕೆ ಈ ಕಂಪ್ಯೂಟರನ್ನು ಬಳಸುವುದಿಲ್ಲ.

ಈಗ ಎರಡು ತಿಂಗಳಾಯಿತು. ಪ್ರತಿರಾತ್ರಿ ಎಕ್ಸ್‌ಟೆನ್ಷನ್ ಬೋರ್ಡಿನ ಸ್ವಿಚ್ ಆರಿಸುವ ಅಭ್ಯಾಸವನ್ನು ಬೇಕೆಂದೇ ಮುಂದುವರಿಸಿದ್ದೇನೆ, ನೀಲಿ ಪರದೆ ಮತ್ತೆ ಕಂಡಿಲ್ಲ. ಸ್ಲೀಪ್‌ನ ಕಪ್ಪು ಪರದೆಗೆ ಎರಡು ಬೇರೆ ಡ್ರೈವರ್‌ಗಳನ್ನು ಹಾಕಿ ನೋಡಿದರೂ ಫಲ ಸಿಗದೆ, ಸದ್ಯಕ್ಕೆ ಸ್ಲೀಪನ್ನೇ ಆರಿಸಿಟ್ಟಿದ್ದೇನೆ.