ಅಮೆರಿಕಾದ ಲಾ ಫರ್ಮ್‌ಗೆ ಫೋನ್ ಮಾಡೋ ಮುಂಚೆ, ಹಾಸನ ಕಡೆಯೋರಿಗೆ ಒಂದಿಷ್ಟು

ನಾನು ಹಾಸನದ ಮನೇಲೇ ಕೂತ್ಕೊಂಡು ರಾತ್ರಿ ಪಾಳಿಲಿ ಅಮೆರಿಕಾದ ಲಾ ಫರ್ಮ್‌ಗಳ ಬಿಲ್ ನೋಡೋ ಕೆಲಸ ಮಾಡ್ತೀನಿ. ಅಲ್ಲಿನ ಲಾಯರ್‌ಗಳು ಹಗಲೆಲ್ಲಾ ಯಾವ ಕೇಸಿಗೆ ಎಷ್ಟು ಹೊತ್ತು ಕೆಲಸ ಮಾಡಿದ್ರು ಅಂತ ಬರೆದಿದ್ದನ್ನ ಚೆಕ್ ಮಾಡಿ ಇನ್‌ವಾಯ್ಸ್‌ಗೆ ರೆಡಿ ಮಾಡೋದು. ಈ ವಿಷ್ಯ ಗೊತ್ತಾದಾಗಿಂದ ಡಲ್ಲಾಸು, ನ್ಯೂಜೆರ್ಸಿ ಅಂತ ಸೇರ್ಕೊಂಡಿರೋ ಎಂಸಿಇ (ನಮ್ಮ ಹಾಸನದ ಮಲ್ನಾಡ್ ಇಂಜಿನಿಯರಿಂಗ್ ಕಾಲೇಜು) ಜೂನಿಯರ್‌ಗಳು, ಸಕಲೇಶಪುರದ ನೆಂಟ್ರ ಮಕ್ಳು ಎಲ್ಲಾ ಕೇಳೋದು ಒಂದೇ, "ಅಣ್ಣ, ಲಾಯರ್ ಹತ್ರ ಹೋಗ್ಬೇಕು, ಎಷ್ಟಾಗುತ್ತೆ?" ಮೊದ್ಲು ಕೇಳ್ಬೇಕಾಗಿರೋದು ಬೇರೆ ಮಾರಾಯ, ನಿನ್ನ ಕೇಸಿಂದ ಆ ಫರ್ಮ್‌ಗೆ ದುಡ್ಡು ಯಾವ ಲೆಕ್ಕದಲ್ಲಿ ಬರುತ್ತೆ ಅಂತ. ಅದು ತಿಳಿದ್ರೆ ಅವರ ಅರ್ಧ ನಡವಳಿಕೆ ಅರ್ಥ ಆಗುತ್ತೆ.

ಇಲ್ಲಿ ವಕೀಲರ ಆಫೀಸಿಗೆ ಹೋದ್ರೆ ಮೊದ್ಲು ಕಾಫಿ ರೇಟು, ಮೆಣಸಿನ ರೇಟು, ಸಕಲೇಶಪುರದ ಕಡೆ ಮಳೆ ಹಿಡೀತಾ ಅಂತ ಮಾತು, ಆಮೇಲೆ ಗುಮಾಸ್ತರು ಫೈಲ್ ತರ್ತಾರೆ, ಫೀಸು ಡೇಟ್‌ಗಿಷ್ಟು ಇಲ್ಲ ಕೇಸಿಗಿಷ್ಟು. ಅಲ್ಲಿ ಗಂಟೆ ಲೆಕ್ಕದ ಫರ್ಮ್‌ಗಳಲ್ಲಿ ಒಂದು ಗಂಟೆನ ಹತ್ತು ಭಾಗ ಮಾಡಿ ಆರಾರು ನಿಮಿಷಕ್ಕೆ ಬರೀತಾರೆ. ಗಂಟೆಗೆ 450 ಡಾಲರ್ ತಗೊಳ್ಳೋ ಲಾಯರ್ ನಿಮ್ಮ ಎರಡು ಸಾಲಿನ ಮೇಲ್ ಓದಿ ಓಕೆ ಅಂತ ಉತ್ತರ ಕೊಟ್ರೂ 0.1 ಗಂಟೆ, 45 ಡಾಲರ್. ನೆನಪಾದಾಗೆಲ್ಲಾ ಒಂದೊಂದು ಮೇಲ್ ಬಿಡೋರು ಇದಾರಲ್ಲ, ಅವರ ಬಿಲ್ ನೋಡಿದ್ರೆ ನಂಗೇ ಹೊಟ್ಟೆ ಉರಿಯುತ್ತೆ. ವಾರಕ್ಕೊಂದ್ಸಲ ಪ್ರಶ್ನೆಗೆ ನಂಬರ್ ಹಾಕಿ ಒಂದೇ ಮೇಲ್‌ನಲ್ಲಿ ಕಳಿಸಿ.

ಇನ್ನು ಒಳಗಡೆ ಯಾರ್ಯಾರು ಇರ್ತಾರೆ ಅಂದ್ರೆ, ಪಾರ್ಟ್ನರ್ ಅಂದ್ರೆ ಹೆಚ್ಚುಕಮ್ಮಿ ಮಾಲೀಕರು, ಲಾಭ ಹಂಚ್ಕೊಳ್ಳೋರು, ಕೆಳಗೆ ಸಂಬಳದ ಅಸೋಸಿಯೇಟ್‌ಗಳು, ಅವರ ಕೆಳಗೆ ಫಾರ್ಮ್ ತುಂಬೋ, ದಾಖಲೆ ಜೋಡಿಸೋ ಪ್ಯಾರಾಲೀಗಲ್‌ಗಳು. ದೊಡ್ಡ ಫರ್ಮ್‌ನಲ್ಲಿ ಅಸೋಸಿಯೇಟ್ ವರ್ಷಕ್ಕೆ 1,900, 2,000 ಗಂಟೆ ಬಿಲ್ ಮಾಡ್ಲೇಬೇಕು ಅಂತ ಟಾರ್ಗೆಟ್ ಇರುತ್ತೆ, ಪಾರ್ಟ್ನರ್‌ಗೆ ಕ್ಲೈಂಟ್ ತಂದಿದ್ದಕ್ಕೆ ಕ್ರೆಡಿಟ್. ಹಂಗಾಗಿ ಮೊದಲ್ನೇ ದಿನ ಸೊಗಸಾಗಿ ಮಾತಾಡಿದೋರು ಒಬ್ರು, ಕೆಲಸ ಮಾಡೋರು ಇನ್ನೊಬ್ರು. ಅದರಲ್ಲಿ ಮೋಸ ಏನಿಲ್ಲ, ಫಾರ್ಮ್ ತುಂಬಕ್ಕೆ ಪಾರ್ಟ್ನರ್ ರೇಟ್ ಕೊಡೋದು ದಂಡ. ಆದ್ರೆ ಸಹಿ ಹಾಕೋ ಮುಂಚೆ ನನ್ನ ಕೆಲಸ ಯಾರು ಮಾಡ್ತಾರೆ, ಅವರ ರೇಟ್ ಎಷ್ಟು ಅಂತ ಎಂಗೇಜ್ಮೆಂಟ್ ಲೆಟರ್‌ನಲ್ಲಿ (ನಿಮಗೂ ಫರ್ಮ್‌ಗೂ ಆಗೋ ಒಪ್ಪಂದದ ಪತ್ರ) ಬರೆಸ್ಕೊಳ್ಳಿ. ರಿಟೇನರ್ ಅಂತ ಮುಂಗಡ ಕೇಳಿದ್ರೆ ಅದು ಸಾಮಾನ್ಯವಾಗಿ ಟ್ರಸ್ಟ್ ಅಕೌಂಟಲ್ಲಿ (ಕ್ಲೈಂಟ್‌ಗಳ ದುಡ್ಡು ಬೇರೆ ಇಡೋ ಖಾತೆ) ನಿಮ್ಮ ದುಡ್ಡಾಗೇ ಇರುತ್ತೆ, ಕೆಲಸ ಆದಷ್ಟೂ ತಗೋತಾರೆ, ಮಿಕ್ಕಿದ್ದು ವಾಪಸ್ ಬರ್ಬೇಕು. ಕೇಳದೆ ಬಿಡ್ಬೇಡಿ.

ವಿಲ್ಲು, ತಕರಾರಿಲ್ಲದ ಡೈವೋರ್ಸು, ಎಚ್-1ಬಿ ಅರ್ಜಿ ಇವೆಲ್ಲಾ ಹೆಚ್ಚಾಗಿ ಫ್ಲಾಟ್ ಫೀ, ಅಂದ್ರೆ ಪೂರ್ತಿ ಕೆಲಸಕ್ಕೆ ಇಷ್ಟು ಅಂತ ಒಂದೇ ರೇಟು. ಇಲ್ಲಿ ಲೆಕ್ಕ ಉಲ್ಟಾ, ಬೇಗ ಮುಗಿಸಿದಷ್ಟೂ ಅವರಿಗೆ ಲಾಭ, ಅದಕ್ಕೇ ಒಂದೇ ಟೆಂಪ್ಲೇಟು, ಒಂದೇ ಪ್ರಶ್ನಾವಳಿ, ಫೋನಿಗೆ ಸಿಗೋದು ಪ್ಯಾರಾಲೀಗಲ್ಲೇ. ಇಲ್ಲಿ ಕೇಳ್ಬೇಕಾದ್ದು ಈ ಫೀಸಲ್ಲಿ ಏನೇನು ಬರಲ್ಲ ಅಂತ. ಇಮಿಗ್ರೇಶನ್ನೋರು ಆರ್‌ಎಫ್‌ಇ (ಇನ್ನಷ್ಟು ದಾಖಲೆ ಕೊಡಿ ಅನ್ನೋ ನೋಟಿಸು) ಕಳಿಸಿದ್ರೆ ಅದಕ್ಕೆ ಉತ್ತರ ಕೊಡಕ್ಕೆ ಎಕ್ಸ್‌ಟ್ರಾನಾ?

ಹೆದ್ದಾರಿ ಪಕ್ಕ ಲಾಯರ್ ಫೋಟೋ ಹಾಕಿರೋ ದೊಡ್ಡ ಹೋರ್ಡಿಂಗ್ ನೋಡಿ ನಮ್ಮೋರು ನಗ್ತಾರೆ, ಯಾಕಂದ್ರೆ ನಮ್ಮಲ್ಲಿ ಬಾರ್ ಕೌನ್ಸಿಲ್ ವಕೀಲರಿಗೆ ಜಾಹೀರಾತೇ ಬೇಡ ಅಂದಿದೆ. ಅಲ್ಲಿ 1977ರಲ್ಲಿ ಬೇಟ್ಸ್ ಕೇಸಲ್ಲಿ ಸುಪ್ರೀಂ ಕೋರ್ಟೇ ಜಾಹೀರಾತಿಗೆ ದಾರಿ ಬಿಟ್ಟಿತು. ಆ ಹೋರ್ಡಿಂಗ್‌ನೋರು ಬಹುಪಾಲು ಆಕ್ಸಿಡೆಂಟ್ ಕೇಸಿನವರು, ಗೆದ್ರೆ ಪಾಲು, ಸೋತ್ರೆ ಫೀಸಿಲ್ಲ. ಇದೂ ನಮ್ಮಲ್ಲಿ ನಿಷಿದ್ಧ, ಅಲ್ಲಿ ಡೈವೋರ್ಸು, ಕ್ರಿಮಿನಲ್ ಕೇಸು ಬಿಟ್ರೆ ಮಾಮೂಲು. ಪಾಲು ಸಾಮಾನ್ಯವಾಗಿ ಮೂರರಲ್ಲಿ ಒಂದು. ಆದ್ರೆ ಖರ್ಚು ಕಳೆಯೋ ಮುಂಚೆ ಮೂರರಲ್ಲೊಂದಾ, ಕಳೆದ್ಮೇಲಾ? 90,000 ಡಾಲರ್ ಬಂದು 9,000 ಖರ್ಚಾಗಿದೆ ಅಂದ್ಕೊಳ್ಳಿ. ಮುಂಚೆ ಲೆಕ್ಕ ಹಾಕಿದ್ರೆ ನಿಮ್ಮ ಕೈಗೆ 51,000, ಆಮೇಲೆ ಹಾಕಿದ್ರೆ 54,000. ಒಂದು ಪದಕ್ಕೆ ಮೂರು ಸಾವಿರ. ಸೋತಾಗ ಆ ಖರ್ಚು ಯಾರ ತಲೆ ಮೇಲೆ ಅನ್ನೋದನ್ನೂ ಓದ್ಕೊಳ್ಳಿ.

ಈಗ ಎಲ್ಲರೂ ಎಡವೋ ಜಾಗಕ್ಕೆ ಬರ್ತೀನಿ. ಕಂಪ್ನಿ ಕೊಟ್ಟಿರೋ ಇಮಿಗ್ರೇಶನ್ ಲಾಯರ್‌ನ "ನನ್ನ ಲಾಯರ್" ಅಂತಾರೆ. ಬಹಳ ಸಲ ಅವರಿಗೆ ಇಬ್ರೂ ಕ್ಲೈಂಟು, ಕಂಪ್ನಿನೂ ನೀವೂ, ದುಡ್ಡು ಕೊಡೋದು ಕಂಪ್ನಿ. 2007ರಿಂದ ಗ್ರೀನ್ ಕಾರ್ಡಿನ ಪರ್ಮ್ ಹಂತದಲ್ಲಿ (ಈ ಕೆಲಸಕ್ಕೆ ಜಾಹೀರಾತು ಕೊಟ್ರೂ ಅಲ್ಲಿ ತಕ್ಕವರು ಸಿಗ್ಲಿಲ್ಲ ಅಂತ ಕಂಪ್ನಿ ತೋರಿಸೋ ಹಂತ) ಕಂಪ್ನಿ ಪರವಾಗಿ ಕೆಲಸ ಮಾಡೋ ಲಾಯರ್ ಫೀಸು, ಜಾಹೀರಾತು ಖರ್ಚು ಎರಡನ್ನೂ ಕಂಪ್ನಿನೇ ಭರಿಸ್ಬೇಕು ಅಂತ ನಿಯಮ ಇದೆ, ನಿಮ್ಮ ಸಂಬಳದಲ್ಲಿ ಮುರ್ಕೊಳ್ಳೋ ಹಾಗಿಲ್ಲ. ಅಂಥಾ ಲಾಯರ್‌ಗೆ ಫೋನ್ ಮಾಡಿ ನಾನು ಕೆಲಸ ಬಿಡೋ ಯೋಚ್ನೆಲಿದೀನಿ ಅಂದ್ರೆ ಆ ಮಾತು ಕಂಪ್ನಿಯಿಂದ ಗುಟ್ಟಾಗಿ ಉಳಿಯುತ್ತೆ ಅಂತ ನಂಬ್ಬೇಡಿ, ಅವರ ಲೆಟರಲ್ಲೇ ಬರ್ದಿರ್ತಾರೆ ನೋಡಿ. ಕೆಲಸ ಬಿಡೋದು, ಲೇಆಫ್ ಭಯ, ಗಂಡ ಹೆಂಡ್ತಿ ಬೇರೆ ಆಗೋದು ಇಂಥಾದ್ದಕ್ಕೆ ಕೈಯಿಂದ ದುಡ್ಡು ಹಾಕಿ ಹೊರಗಿನ ಲಾಯರ್ ಹತ್ರ ಒಂದು ಗಂಟೆ ಮಾತಾಡೋದು ಒಳ್ಳೇದು. ಇಮಿಗ್ರೇಶನ್ ಫೆಡರಲ್ ಕಾನೂನು, ಹಂಗಾಗಿ ಯಾವ ರಾಜ್ಯದ ಲೈಸೆನ್ಸ್ ಇದ್ರೂ ನಡೆಯುತ್ತೆ. ಡೈವೋರ್ಸು, ವಿಲ್ಲಿಗೆ ನೀವಿರೋ ರಾಜ್ಯದವರೇ ಬೇಕು. ಲೈಸೆನ್ಸ್ ಇದೆಯಾ ಅಂತ ಆ ರಾಜ್ಯದ ಬಾರ್ ವೆಬ್‌ಸೈಟಲ್ಲಿ ಹೆಸರು ಹಾಕಿದ್ರೆ ಗೊತ್ತಾಗುತ್ತೆ.

ಫೋನ್ ಮಾಡಿದ ತಕ್ಷಣ ಎದುರು ಪಾರ್ಟಿ ಹೆಸರು ಕೇಳ್ತಾರೆ, ಗಾಬರಿ ಬೇಡ, ಅವರು ಈ ಫರ್ಮ್‌ನ ಕ್ಲೈಂಟ್ ಆಗಿದ್ರೆ ನಿಮ್ಮನ್ನ ತಗೊಳ್ಳೋ ಹಾಗಿಲ್ಲ. ನಿಮ್ಮ ಲಾಯರ್ ಬೇರೆ ಫರ್ಮ್‌ಗೆ ಹಾರಿದ್ರೆ (ಟೀಮ್ ಸಮೇತ ಎಳ್ಕೊಂಡೇ ಫರ್ಮ್‌ಗಳು ಬೆಳೆಯೋದು) ಜೊತೆಗೆ ಹೋಗೋದಾ, ಹಳೇ ಫರ್ಮ್‌ನಲ್ಲೇ ಇರೋದಾ ಅನ್ನೋದು ನಿಮ್ಮ ಇಷ್ಟ, ಫೈಲ್ ಕೇಳಿದ್ರೆ ಕೊಡ್ಲೇಬೇಕು.

ಎಐ ಬಂದ್ಮೇಲೆ ಏನಾಗಿದೆ ಅಂತಾನೂ ಕೇಳ್ತಾರೆ. ಅಮೆರಿಕನ್ ಬಾರ್ ಅಸೋಸಿಯೇಶನ್ 2024ರ ಜುಲೈನಲ್ಲಿ ಹೇಳಿರೋದು ಇಷ್ಟು: ಗಂಟೆ ಲೆಕ್ಕದಲ್ಲಿ ಬಿಲ್ ಮಾಡೋ ಲಾಯರ್ ಎಐ ಬಳಸಿ ಕಾಲು ಗಂಟೇಲಿ ಮುಗಿಸಿದ್ರೆ ಆ ಕಾಲು ಗಂಟೆಗೇ ಬಿಲ್ ಹಾಕ್ಬೇಕು, ಉಳಿದ ಟೈಮಿಗೆ ಅಲ್ಲ. ಅದಕ್ಕೇ ಗಂಟೆ ಲೆಕ್ಕ ಬಿಟ್ಟು ಫ್ಲಾಟ್ ಫೀ ಕಡೆ ವಾಲೋದು ಜಾಸ್ತಿ ಆಗುತ್ತೆ ಅನ್ನೋದು ನನ್ನ ಅಂದಾಜು. 2023ರಲ್ಲಿ ನ್ಯೂಯಾರ್ಕಿನ ಲಾಯರ್‌ಗಳು ಚಾಟ್‌ಜಿಪಿಟಿ ಹುಟ್ಟಿಸಿದ ಸುಳ್ಳು ತೀರ್ಪುಗಳನ್ನ ಕೋರ್ಟಿಗೆ ಕೊಟ್ಟು 5,000 ಡಾಲರ್ ದಂಡ ಕಟ್ಟಿದ್ರು, ಅಲ್ಲಿಂದ ಎಲ್ಲರೂ ಸ್ವಲ್ಪ ಹುಷಾರಾಗಿದಾರೆ.

ಕೊನೇದಾಗಿ ಊರಿನ ಜಮೀನು, ತೋಟದ ವಿಚಾರ. ಅಪ್ಪನಿಗೋ ತಮ್ಮನಿಗೋ ಪವರ್ ಆಫ್ ಅಟಾರ್ನಿ ಕೊಡಕ್ಕೆ ಅಮೆರಿಕಾದ ಲಾ ಫರ್ಮ್ ಬೇಕಾಗಿಲ್ಲ. ಇಲ್ಲಿನ ವಕೀಲರ ಹತ್ರಾನೇ ಡ್ರಾಫ್ಟ್ ಮಾಡಿಸಿ ತರಿಸ್ಕೊಂಡು, ಅಲ್ಲಿ ನೋಟರಿ ಮುಂದೆ ಸಹಿ ಹಾಕಿ, ಅಲ್ಲಿನ ರಾಜ್ಯ ಸರ್ಕಾರದಿಂದ ಅಪೊಸ್ಟಿಲ್ (ನೋಟರಿ ಸಹಿ ಅಸಲಿ ಅಂತ ಬೇರೆ ದೇಶ ಒಪ್ಪೋ ದೃಢೀಕರಣ) ಮಾಡಿಸಿ ಕೊರಿಯರ್ ಮಾಡಿ. ಕಾಗದ ಇಲ್ಲಿ ತಲುಪಿದ ಮೂರು ತಿಂಗಳೊಳಗೆ ಸ್ಟ್ಯಾಂಪ್ ಡ್ಯೂಟಿ ಕಟ್ಟಿಸ್ಬೇಕು, ಮನೆಯೋರಿಗೆ ಇದನ್ನ ಮೊದಲೇ ಹೇಳಿಡಿ.