ಮೇಕಪ್ ಬ್ರಷ್: ತೊಳೆದರೆ ಸಾಲದು, ಒಣಗಿಸಲೂ ಬರಬೇಕು

ಮೇಕಪ್ ಬ್ರಷ್ ಬಳಸಿ ಬಳಸಿ ಸವೆದದ್ದನ್ನು ನಾನು ಕಂಡದ್ದು ಕಡಿಮೆ, ತೊಳೆದು ಕೆಟ್ಟದ್ದನ್ನು ಕಂಡದ್ದೇ ಹೆಚ್ಚು. ಪಾರ್ಲರ್ ನಡೆಸುತ್ತಿದ್ದ ಕಾಲದಲ್ಲಿ ಕೆಲಸ ಕಲಿಯಲು ಬರುತ್ತಿದ್ದ ಹುಡುಗಿಯರು ಇದ್ದಬದ್ದ ಬ್ರಷ್‌ಗಳನ್ನೆಲ್ಲ ಒಂದು ಮಗ್ ನೀರಿನಲ್ಲಿ ಮುಳುಗಿಸಿಟ್ಟು ಹರಟೆಗೆ ಕೂರುತ್ತಿದ್ದರು. ಈಗ ಮನೆಯಲ್ಲಿ ಮೊಮ್ಮಗಳೂ ಅದನ್ನೇ ಮಾಡುತ್ತಾಳೆ. ಬ್ರಷ್‌ನ ಕೂದಲನ್ನು ಹಿಡಿದಿಟ್ಟಿರುವ ಲೋಹದ ಕೊರಳನ್ನು ಒಮ್ಮೆ ಗಮನಿಸಿ. ಅದರೊಳಗೆ ಕೂದಲಿನ ಬುಡವನ್ನು ಅಂಟು ಹಾಕಿ ಕೂರಿಸಿರುತ್ತಾರೆ, ಇನ್ನೊಂದು ತುದಿಯಿಂದ ಮರದ ಹಿಡಿ ಒಳಹೊಕ್ಕಿರುತ್ತದೆ. ನೀರು ಅಲ್ಲಿಗೆ ಇಳಿಯಿತೆಂದರೆ ಅಂಟು ಸಡಿಲವಾಗುತ್ತದೆ, ಮರ ಉಬ್ಬುತ್ತದೆ, ಹಿಡಿಯ ಬಣ್ಣ ಬಿರಿದು ಏಳುತ್ತದೆ. ಆಮೇಲೆ ಪೌಡರ್ ಹಚ್ಚಿಕೊಂಡಾಗಲೆಲ್ಲ ಕೆನ್ನೆಯ ಮೇಲೆ ಎರಡೆರಡು ಕೂದಲು. ಬೈಗುಳ ಮಾತ್ರ ಮಾರಿದ ಅಂಗಡಿಯವನಿಗೆ.

ಆದ್ದರಿಂದ ನೀರು ಕೂದಲಿಗೆ ಮಾತ್ರ ತಾಗಬೇಕು. ನಲ್ಲಿಯನ್ನು ಸಣ್ಣಗೆ ಬಿಟ್ಟು, ಬ್ರಷ್‌ನ ತುದಿ ನೆಲ ನೋಡುವಂತೆ ಹಿಡಿದು ಒದ್ದೆ ಮಾಡಿ. ಉಗುರುಬೆಚ್ಚಗಿನ ನೀರು ಸಾಕು. ಬಚ್ಚಲ ಹಂಡೆಯ ಸುಡುನೀರು ಅಂಟಿಗೆ ಒಳ್ಳೆಯದಲ್ಲ. ಅಂಗೈಗೆ ನಾಲ್ಕು ಹನಿ ಮಕ್ಕಳ ಶಾಂಪೂ ಹಾಕಿಕೊಂಡು ಅದರ ಮೇಲೆ ಬ್ರಷ್ಷನ್ನು ಮೆಲ್ಲಗೆ ಸುತ್ತಿಸಿ. ಒತ್ತಿ ತಿಕ್ಕಿದರೆ ಕೂದಲು ಕೆದರಿಕೊಳ್ಳುತ್ತದೆ, ಮತ್ತೆ ಆಕಾರಕ್ಕೆ ಬರುವುದಿಲ್ಲ. ಮೊದಲ ನೊರೆ ಕೆಸರಿನ ಬಣ್ಣದಲ್ಲಿರುತ್ತದೆ, ಎರಡನೆಯದು ತಿಳಿಗಂದು, ಮೂರನೆಯ ಸಲಕ್ಕೆ ಬೆಳ್ಳಗಾಗಬಹುದು. ಅಷ್ಟಕ್ಕೇ ನಂಬಬೇಡಿ. ದಪ್ಪ ಫೌಂಡೇಶನ್ ಬ್ರಷ್ಷಿನ ಕೂದಲನ್ನು ಎರಡು ಹೆಬ್ಬೆರಳಿನಿಂದ ನಡುವೆ ಬಿಡಿಸಿ ನೋಡಿ. ಬುಡದಲ್ಲಿ ಹಳೆಯ ಫೌಂಡೇಶನ್ ಇನ್ನೂ ಗಟ್ಟಿಯಾಗಿ ಕುಳಿತಿರುತ್ತದೆ.

ಬೋರ್‌ವೆಲ್ ನೀರಿನ ಮನೆಗಳಲ್ಲಿ ಮೈಸೋಪು ಹಚ್ಚಲೇಬೇಡಿ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೋಪಿನ ಜೊತೆ ಸೇರಿ ಬಿಳಿ ಜಿಡ್ಡಾಗಿ ಕೂದಲಿಗೆ ಹತ್ತಿಕೊಳ್ಳುತ್ತದೆ, ಒಣಗಿದ ಮೇಲೆ ಬ್ರಷ್ ಚರ್ಮಕ್ಕೆ ಚುಚ್ಚುತ್ತದೆ. ಶಾಂಪೂವಿನಲ್ಲಿ ಆ ಕಾಟ ಅಷ್ಟಿಲ್ಲ. ಕೊನೆಯ ಸಲ ಫಿಲ್ಟರ್ ನೀರಿನಲ್ಲಿ ಜಾಲಿಸಿದರೆ ಇನ್ನೂ ಒಳ್ಳೆಯದು. ಮೇಕೆ ಕೂದಲಿನ ಬ್ರಷ್ ಇದ್ದರೆ, ರೇಷ್ಮೆ ಸೀರೆಗೆಂದು ಅಂಟುವಾಳ ನೆನೆಹಾಕಿದ ದಿನ ಸೋಸಿದ ಆ ನೀರಿನಲ್ಲೇ ಇದನ್ನೂ ತೊಳೆಯಬಹುದು, ಚೆನ್ನಾಗಿ ಜಾಲಿಸಬೇಕಷ್ಟೆ. ಸೀಗೆಪುಡಿ ಬೇಡ. ಅದರ ತರಿ ಕೂದಲ ಸಂದಿಯಲ್ಲಿ ಉಳಿದು ನಾಳೆ ಕಣ್ಣಿಗೆ ಬೀಳುತ್ತದೆ.

ಲಿಪ್‌ಸ್ಟಿಕ್, ಕ್ರೀಮ್ ಫೌಂಡೇಶನ್, ವಾಟರ್‌ಪ್ರೂಫ್ ಐಲೈನರ್ ಹಚ್ಚಿದ ಬ್ರಷ್ಷಿಗೆ ಬರೀ ಶಾಂಪೂ ಸೋಲುತ್ತದೆ. ಯಕ್ಷಗಾನದ ಚೌಕಿಯಲ್ಲಿ ವೇಷ ಕಳಚಿದವರು ಮುಖಕ್ಕೆ ಮೊದಲು ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟಿಶ್ಯೂ ಮೇಲೆ ಎರಡು ಹನಿ ಎಣ್ಣೆ ಬಿಟ್ಟು ಬ್ರಷ್ ಆಡಿಸಿ, ಬಣ್ಣ ಬಿಟ್ಟ ಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಒಂದು ಹನಿ ಹಾಕಿ ಜಿಡ್ಡು ತೆಗೆಯಿರಿ.

ಇನ್ನು ಒಣಗಿಸುವುದು. ಎಲ್ಲರೂ ಅವಸರ ಮಾಡುವುದು ಇಲ್ಲೇ. ಹಳೆಯ ಪಂಚೆಯ ತುಂಡಿನಲ್ಲಿ ಹಿಂಡದೆ ನೀರು ಒತ್ತಿ ತೆಗೆದು, ಬೆರಳಿನಿಂದ ಕೂದಲಿನ ಆಕಾರ ತಿದ್ದಿ, ಮೇಜಿನ ಅಂಚಿನಲ್ಲಿ ಮಲಗಿಸಿ. ಕೂದಲಿನ ಭಾಗ ಅಂಚಿನಿಂದ ಹೊರಗೆ ಚಾಚಿರಲಿ, ಸುತ್ತಲೂ ಗಾಳಿಯಾಡುತ್ತದೆ. ಲೋಟದಲ್ಲಿ ನಿಲ್ಲಿಸಿಟ್ಟರೆ ಇಷ್ಟು ಹೊತ್ತು ಕಾಪಾಡಿದ ಕೊರಳಿಗೇ ನೀರು ಇಳಿಯುತ್ತದೆ. ಕಡುಬಿಸಿಲೂ ಬೇಡ, ಹೇರ್ ಡ್ರೈಯರ್ ಅಂತೂ ಬೇಡವೇ ಬೇಡ. ಕಣ್ಣಿನ ಸಣ್ಣ ಬ್ರಷ್ ಕೆಲವೇ ಗಂಟೆಗಳಲ್ಲಿ ಒಣಗುತ್ತದೆ, ದಪ್ಪನೆಯದಕ್ಕೆ ಇಡೀ ರಾತ್ರಿ ಬೇಕು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಅದೂ ಸಾಲದು. ಹೊಳವಾದ ದಿನ ನೋಡಿ ತೊಳೆಯಿರಿ, ಫ್ಯಾನಿನ ಕೆಳಗೆ ಇಡಿ. ಒಣಗಿತೋ ಇಲ್ಲವೋ ಎಂಬ ಅನುಮಾನ ಬಂದರೆ ಬ್ರಷ್ಷಿನ ನಡುಭಾಗವನ್ನು ಮೇಲ್ದುಟಿಗೆ ಒತ್ತಿ ಹಿಡಿಯಿರಿ. ತಣ್ಣಗೆ ಅನಿಸಿದರೆ ಒಳಗೆ ಇನ್ನೂ ಹಸಿ ಇದೆ. ಹಸಿ ಬ್ರಷ್ಷನ್ನು ಜಿಪ್ ಪೌಚಿಗೆ ತುರುಕಿದರೆ ಮುಗ್ಗುಲು ವಾಸನೆ, ಆಮೇಲೆ ಬೂಷ್ಟು.

ಎಷ್ಟು ದಿನಕ್ಕೊಮ್ಮೆ ಎಂದು ಕೇಳುವವರಿಗೆ: ಅಮೆರಿಕದ ಚರ್ಮವೈದ್ಯರ ಅಕಾಡೆಮಿ 7ರಿಂದ 10 ದಿನಕ್ಕೊಮ್ಮೆ ತೊಳೆಯಿರಿ ಎನ್ನುತ್ತದೆ. ದಿನವೂ ಫೌಂಡೇಶನ್ ಹಚ್ಚುವವರು, ಮೊಡವೆ ಇರುವವರು ವಾರ ದಾಟಿಸಬೇಡಿ. ಮದುವೆ, ಮುಂಜಿಗೆ ಮಾತ್ರ ಪೆಟ್ಟಿಗೆ ತೆಗೆಯುವವರು ತೊಳೆದು ಒಣಗಿಸಿಯೇ ಎತ್ತಿಡಿ. ಮದುವೆಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಹಚ್ಚಬೇಕಾದಾಗ ಶೇಕಡಾ 70ರ ಐಸೋಪ್ರೊಪೈಲ್ ಆಲ್ಕೋಹಾಲ್ ಚಿಮುಕಿಸಿ, ಒರೆಸಿ, ಪೂರ್ತಿ ಆರಿದ ಮೇಲೆ ಬಳಸಿ. ಶೇಕಡಾ 99ರದ್ದು ಕ್ರಿಮಿ ಸಾಯುವ ಮೊದಲೇ ಆವಿಯಾಗಿ ಹೋಗುತ್ತದೆ. ಇದು ಆ ಹೊತ್ತಿನ ಉಪಾಯ, ಕೊಳೆ ಹೋಗುವುದಿಲ್ಲ. ಬೆಂಕಿ ಹತ್ತುವ ಪದಾರ್ಥವಾದ್ದರಿಂದ ಒಲೆ, ದೀಪದ ಹತ್ತಿರ ತರಬೇಡಿ. ಕಣ್ಣಿಗೆ ಬಳಸುವ ಬ್ರಷ್, ಕಾಡಿಗೆ ಮಾತ್ರ ಅಕ್ಕತಂಗಿಯರಾದರೂ ಬೇರೆ ಬೇರೆಯೇ ಇರಲಿ. ಕೆಂಗಣ್ಣು ಮನೆಗೆ ಬಂದಾಗ ಯಾರಿಂದ ಬಂತೆಂದು ಜಗಳವಾಡಿ ಪ್ರಯೋಜನವಿಲ್ಲ.

ಸ್ಪಂಜಿನ ಮೇಲೆ ಮಮತೆ ಬೇಡ. ನೀರು ಕುಡಿದು ಒಳಗೇ ಹಸಿ ಉಳಿಸಿಕೊಳ್ಳುವ ವಸ್ತು ಅದು. ಹೊರಗೆ ಚೊಕ್ಕಟವಾಗಿ ಕಂಡ ಹಳೆಯ ಸ್ಪಂಜನ್ನು ಬ್ಲೇಡಿನಿಂದ ಸೀಳಿ ನೋಡಿ, ಕಪ್ಪು ಚುಕ್ಕೆಗಳು ಕಾಣಿಸಿದರೆ ನೀವೇ ಎಸೆಯುತ್ತೀರಿ. ಮೂರು ತಿಂಗಳಿಗೊಮ್ಮೆ ಬದಲಿಸುವುದು ಕ್ಷೇಮ. ಹೊಸ ಬ್ರಷ್ ಮೊದಲ ಒಂದೆರಡು ಸಲ ಸ್ವಲ್ಪ ಕೂದಲು ಉದುರಿಸುವುದು ಸಹಜ. ತಿಂಗಳಾನುಗಟ್ಟಲೆ ಉದುರಿಸುತ್ತಲೇ ಇದ್ದರೆ ಅದನ್ನು ಮುಖದ ಕೆಲಸದಿಂದ ಬಿಡಿಸಿ. ಹೊಲಿಗೆ ಯಂತ್ರದ ಸಂದಿಯ ನೂಲುಧೂಳು, ಕಂಪ್ಯೂಟರ್ ಕೀಲಿಮಣೆಯ ಕಸ ತೆಗೆಯಲು ಅದಕ್ಕಿಂತ ಒಳ್ಳೆಯದು ಸಿಗದು. ದೇವರ ಮಂಟಪದ ಕೆತ್ತನೆ ಒರೆಸಲೂ ಆಗುತ್ತದೆ, ಆದರೆ ನೈಲಾನಿನದನ್ನೇ ಬಳಸಿ. ಮೇಕೆ ಕೂದಲಿನದು ದೇವರ ಕೋಣೆಯೊಳಗೆ ಬರುವುದು ನನಗಂತೂ ಸರಿಬರುವುದಿಲ್ಲ.